ಮುಳ್ಳಿಲ್ಲ ಅಂತ ತಂದ ಲಗಾಮು

ಮಕ್ಕಳಿಗೆ ಕುದುರೆ ಸವಾರಿ ಕಲಿಸುತ್ತಿರುವ ಅಪ್ಪ-ಅಮ್ಮಂದಿರೇ, ಯಾರಾದರೂ "ಕುದುರೆ ಮಾತು ಕೇಳ್ತಿಲ್ಲ, ಲಗಾಮು ಬದಲಿಸಿ" ಅಂದರೆ ಅವತ್ತೇ ಅಂಗಡಿಗೆ ಓಡಬೇಡಿ. ನಾನು ಓಡಿದೆ. ಹೋದದ್ದು 850 ರೂಪಾಯಿ, ಮಗಳ ಎಡಗೈ ಮಣಿಕಟ್ಟು, ಜೊತೆಗೆ ಏನೂ ತಪ್ಪು ಮಾಡದ ಒಂದು ಕುದುರೆಯ ಬಾಯಿ. ಮೂರು ತಿಂಗಳಾಯಿತು, ಈಗ ಬರೆಯುವಷ್ಟು ಸಿಟ್ಟು ಇಳಿದಿದೆ. ಸಿಟ್ಟು ಜಾಸ್ತಿ ನನ್ನ ಮೇಲೇ.

ಮೊದಲು ಒಂದು ಮಾತು. ನಮ್ಮ ಕಡೆ ಕುದುರೆ ಬಾಯಲ್ಲಿರುವ ಕಬ್ಬಿಣಕ್ಕೂ ಲಗಾಮು ಅಂತಾರೆ, ಸವಾರನ ಕೈಯಲ್ಲಿರುವ ಪಟ್ಟಿಗೂ ಲಗಾಮು ಅಂತಾರೆ. ಗೊಂದಲ ಬೇಡ ಅಂತ ಬಾಯಿಯ ಕಬ್ಬಿಣಕ್ಕೆ ಇಲ್ಲಿ ಬಿಟ್ ಅಂತ ಬರೆಯುತ್ತೇನೆ. ಕ್ಲಾಸಿನಲ್ಲೂ ಎಲ್ಲರೂ ಹಾಗೇ ಅನ್ನುವುದು.

ನಾವಿರುವುದು ವಿಜಯಪುರ. ಇಲ್ಲಿ ಕುದುರೆ ಅಂದರೆ ಗೋಳಗುಮ್ಮಟದ ಮುಂದಿನ ಟಾಂಗಾ ನೆನಪಾಗುತ್ತೆ, ಇಲ್ಲಾ ಮದುವೆ ಮೆರವಣಿಗೆ. ಸವಾರಿ ಕಲಿಯುವ ಮಕ್ಕಳು ಕಮ್ಮಿ. ನನ್ನ ಮಗಳಿಗೆ 12 ವರ್ಷ, ಒಂದು ವರ್ಷ ಊರ ಹೊರಗಿನ ಒಂದು ಕ್ಲಾಸಿಗೆ ಹೋದಳು, ಆಮೇಲೆ ನಮ್ಮದೇ ಕುದುರೆ ಬೇಕು ಅಂತ ಹಟ. ದೀಪಾವಳಿ ಆದ ಮೇಲೆ ಮಹಾರಾಷ್ಟ್ರದ ಅಕಲೂಜ ಕಡೆಯಿಂದ ಒಂದು ಆರು ವರ್ಷದ ಹೆಣ್ಣುಕುದುರೆ ತಂದೆವು. ಕಂದು ಬಣ್ಣ, ಹಣೆ ಮೇಲೆ ಬಿಳಿ ಚುಕ್ಕೆ, ಅದಕ್ಕೇ ಚಂದ್ರಿ ಅಂತ ಹೆಸರು. ಸಣ್ಣ ಆಳು, ಸಣ್ಣ ಬಾಯಿ. ಈ ಸಣ್ಣ ಬಾಯಿ ಅನ್ನುವುದನ್ನು ಅವತ್ತು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಮಾರಿದವನು ಕೊಟ್ಟ ಬಿಟ್ಟನ್ನೇ ಹಾಕಿ ಸವಾರಿ ಶುರು ಮಾಡಿದೆವು.

ಒಂದು ತಿಂಗಳಲ್ಲಿ ತೊಂದರೆ ಶುರುವಾಯಿತು. ಬಲಕ್ಕೆ ತಿರುಗಿಸಿದರೆ ತಲೆ ಎತ್ತಿ ಒದರುವುದು, ಬಾಯಿ ತೆರೆಯುವುದು, ಲಾಯದ ಕಡೆ ಮುಖ ಮಾಡಿದರೆ ನಿಲ್ಲದೆ ಓಡುವುದು. ಕಲಿಸುವವರು ಎರಡು ದಿನ ನೋಡಿ ಅಂದರು, "ಸರ್, ಇದರ ಬಾಯಿ ಗಟ್ಟಿ ಆಗೇತ್ರಿ. ಈ ಬಿಟ್ ಭಾಳ ಹಗುರ. ಹುಡುಗಿ ಕೈಯಾಗ ಬಲ ಇಲ್ಲ, ಸ್ವಲ್ಪ ಖಡಕ್ ಲಗಾಮ ತರ್ರಿ." ಹುಡುಗಿ ಕೈಯಲ್ಲಿ ಬಲ ಇಲ್ಲ ಅಂದ ಕೂಡಲೇ ಅಪ್ಪನಾದವನು ಏನು ಮಾಡುತ್ತಾನೆ? ಸಂಜೆಯೇ ಬಜಾರಿಗೆ ಹೋದೆ.

ಹಗ್ಗ, ಗೆಜ್ಜೆ, ಎತ್ತಿನ ಸಾಮಾನು ಮಾರುವ ಅಂಗಡಿ. ಮಾಲೀಕ ಮೊದಲು ತೋರಿಸಿದ್ದು ಕಾಂಟಾ ಲಗಾಮು. ನೋಡಿಲ್ಲದವರಿಗೆ ಹೇಳುತ್ತೇನೆ: ಬಾಯೊಳಗೆ ಹೋಗುವ ಸರಳಿನ ಮೇಲೆ ಮೊಳೆ ಮೊಳೆಯಾಗಿ ಮುಳ್ಳು ಇರುತ್ತವೆ. ಮದುವೆಯಲ್ಲಿ ಬ್ಯಾಂಡು, ಪಟಾಕಿ ನಡುವೆ ಕುದುರೆ ಅಲ್ಲಾಡದೆ ನಿಂತಿರುತ್ತೆ ನೋಡಿ, ಎಷ್ಟೋ ಸಲ ಅದರ ಬಾಯಲ್ಲಿ ಇಂಥದ್ದೇ ಇರುತ್ತೆ. "ಇದ ಹಾಕ್ರಿ, ನಿಂದ್ರು ಅಂದಲ್ಲೇ ನಿಂದರತೈತಿ" ಅಂದ. ನನಗೆ ಮೈ ಜುಂ ಅಂತು. ಬೇಡ ಅಂದೆ. ಆಗ ಅವನು ಇನ್ನೊಂದು ತೆಗೆದ. ಹೊಳೆಯುವ ಉಕ್ಕು, ಮುಳ್ಳಿಲ್ಲ, ನಡುವೆ ಒಂದು ಕೀಲು. ಎರಡೂ ಪಕ್ಕ ಉದ್ದ ಕಡ್ಡಿ, ಗದ್ದದ ಕೆಳಗೆ ಒಂದು ಸರಪಳಿ. ಬಾಯಿಗೆ ಹೋಗುವ ಸರಳು ಹಗ್ಗ ಹುರಿ ಮಾಡಿದ ಹಾಗೆ ತಿರುಚಿತ್ತು. ಏನೋ ಡಿಸೈನ್ ಅಂದುಕೊಂಡೆ. "ಇದು ಸ್ನಾಫಲ್ರೀ ಸಾಹೇಬ್ರ, ಇಂಗ್ಲಿಷ್ ಮಾಲು, ಸಣ್ಣ ಹುಡುಗರಿಗೆ ಇದ ಚಲೋ." ಮುಳ್ಳಿನದು ಬಿಟ್ಟು ಮೆತ್ತನೆಯದು ತಂದೆ ಅಂತ ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ ಬೇರೆ.

ಇಲ್ಲೇ ನಾನು ಮೋಸ ಹೋಗಿದ್ದು. ನಡುವೆ ಕೀಲು ಇದ್ದ ಮಾತ್ರಕ್ಕೆ ಅದು ಸ್ನಾಫಲ್ ಅಲ್ಲ. ಸ್ನಾಫಲ್‌ನಲ್ಲಿ ಕೈಪಟ್ಟಿ ಬಾಯಿ ಪಕ್ಕದ ಉಂಗುರಕ್ಕೇ ಸೇರಿರುತ್ತೆ, ಕೈ ಎಷ್ಟು ಎಳೆಯುತ್ತೋ ಬಾಯಿಗೆ ಅಷ್ಟೇ ಹೋಗುತ್ತೆ. ಉದ್ದ ಕಡ್ಡಿ ಇರುವ ಬಿಟ್ಟಿನಲ್ಲಿ ಪಟ್ಟಿ ಕಡ್ಡಿಯ ಕೆಳತುದಿಗೆ ಸೇರಿರುತ್ತೆ. ಹಾರೆ ಹಾಕಿ ಕಲ್ಲು ಮೀಟಿದ ಹಾಗೆ. ನನ್ನದರಲ್ಲಿ ಸರಳಿನ ಮೇಲಿನ ತುಂಡು ಒಂದೂವರೆ ಇಂಚು, ಕೆಳಗಿನದು ಆರು ಇಂಚು. ಆಮೇಲೆ ಟೇಪ್ ಹಿಡಿದು ಅಳೆದೆ. ಅಂದರೆ ಮಗಳು ಒಂದು ಕಿಲೋ ತೂಕದಷ್ಟು ಎಳೆದರೆ ಚಂದ್ರಿಯ ಬಾಯಿಗೂ ಗದ್ದಕ್ಕೂ ಬೀಳುವುದು ನಾಲ್ಕು ಕಿಲೋಗಿಂತ ಜಾಸ್ತಿ. ಅದೂ ತಿರುಚಿದ ಸರಳಿನ ಏಣುಗಳ ಮೇಲೆ. ಇಂಥದ್ದನ್ನು ಸ್ನಾಫಲ್ ಅಂತಲೇ ಹೆಸರಿಟ್ಟು ಮಾರುತ್ತಾರೆ, ಹೆಸರು ಕೇಳಿ ಕೊಳ್ಳಬೇಡಿ, ಪಟ್ಟಿ ಎಲ್ಲಿ ಸೇರುತ್ತೆ ಅನ್ನುವುದನ್ನು ನೋಡಿ.

ಮತ್ತೆ ಕೇಳಿ, ಮೊದಲ ಎರಡು ದಿನ ಅದು ಬಹಳ ಚೆನ್ನಾಗಿ ಕೆಲಸ ಮಾಡಿತು! ಬೆರಳು ಅಲ್ಲಾಡಿಸಿದರೆ ಚಂದ್ರಿ ನಿಲ್ಲುತ್ತಿದ್ದಳು, ಕತ್ತು ಬಗ್ಗಿಸಿ ಗದ್ದ ಎದೆಗೆ ಅಂಟಿಸಿಕೊಂಡು ರಾಜನ ಕುದುರೆಯ ಹಾಗೆ ನಡೆಯುತ್ತಿದ್ದಳು. ನಾನು ವಿಡಿಯೋ ಮಾಡಿ ಮನೆಯವರ ಗ್ರೂಪಿಗೆ ಹಾಕಿದೆ. ಹುಬ್ಬಳ್ಳಿಯ ನಮ್ಮ ಅಕ್ಕ ಚಪ್ಪಾಳೆಯ ಚಿತ್ರ ಕಳಿಸಿದಳು. ಈಗ ಆ ವಿಡಿಯೋ ನೋಡಿದರೆ ಚಂದ್ರಿಯ ಕಣ್ಣು ಕಾಣುತ್ತೆ, ಬಾಲ ಬೀಸುವುದು ಕಾಣುತ್ತೆ. ಅವತ್ತು ನನಗೆ ಕಂಡದ್ದು ಬರೀ ಕತ್ತು.

ನಾಲ್ಕನೇ ದಿನ ಟ್ರಾಟ್ (ಕುಲುಕು ಓಟ) ಮಾಡುವಾಗ ಮಗಳ ಬಲಗಾಲು ರಿಕಾಪಿನಿಂದ (ಕಾಲಿಡುವ ಉಂಗುರದಿಂದ) ಜಾರಿತು. ಕಲಿಯುವ ಮಕ್ಕಳು ಆಯ ತಪ್ಪಿದರೆ ಏನು ಹಿಡಿಯುತ್ತಾರೆ? ಕೈಯಲ್ಲಿ ಇದ್ದದ್ದನ್ನೇ. ಪಟ್ಟಿಗೆ ಜೋತುಬಿದ್ದಳು. ಚಂದ್ರಿ ಎರಡು ಹೆಜ್ಜೆ ಹಿಂದೆ ಸರಿದು ಹಿಂಗಾಲ ಮೇಲೆ ಎದ್ದು ನಿಂತಳು. ಅಷ್ಟು ಎತ್ತರ ಎದ್ದಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಮಗಳು ಎಡಕ್ಕೆ ಬಿದ್ದಳು, ಕೈ ಊರಿದಳು. ಕುದುರೆ ಅವಳ ಮೇಲೆ ಬೀಳಲಿಲ್ಲ, ಪಕ್ಕಕ್ಕೆ ಇಳಿಯಿತು, ಅದು ಪುಣ್ಯ. ಹೆಲ್ಮೆಟ್ ಇತ್ತು. ಇಡೀ ಕತೆಯಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್.

ಮರುದಿನ ಬೆಳಿಗ್ಗೆ ಲಾಯಕ್ಕೆ ಹೋದೆ. ಬಿಟ್ ಮೊಳೆಗೆ ನೇತಾಡುತ್ತಿತ್ತು, ಗಡಿಬಿಡಿಯಲ್ಲಿ ಯಾರೂ ತೊಳೆದಿರಲಿಲ್ಲ. ಕೈಗೆ ತಗೊಂಡೆ. ತಿರುಚಿದ ಸಂದಿಗಳಲ್ಲಿ ಒಣಗಿದ ಹಸಿರು ನೊರೆ, ಒಂದೆರಡು ಹುಲ್ಲಿನ ಎಳೆ, ಅದರ ನಡುವೆ ತುಕ್ಕಿನ ಹಾಗೆ ಕಾಣುವ ಕಂದು ಗೆರೆಗಳು. ಉಗುರಿನಿಂದ ಕೆರೆದೆ. ತುಕ್ಕಲ್ಲ, ರಕ್ತ.

ಸರಕಾರಿ ಪಶು ಆಸ್ಪತ್ರೆಯ ಡಾಕ್ಟರನ್ನು ಕರೆಸಿದೆ. ಅವರು ನಾಲಿಗೆ ಪಕ್ಕಕ್ಕೆ ಹಿಡಿದು ಟಾರ್ಚ್ ಬಿಟ್ಟು ನನಗೂ ತೋರಿಸಿದರು. ಕುದುರೆಗೆ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗ ಇದೆ, ಬಿಟ್ ಕೂರುವುದು ಅಲ್ಲೇ. ಅಲ್ಲಿ ಮಾಂಸ ಇಲ್ಲ, ಎಲುಬಿನ ಮೇಲೆ ತೆಳ್ಳನೆ ವಸಡು ಅಷ್ಟೇ. ನಮ್ಮ ಮೊಣಕಾಲ ಕೆಳಗಿನ ಎಲುಬು ಮಂಚಕ್ಕೆ ಬಡಿದರೆ ಹೇಗಿರುತ್ತೆ? ಹಾಗೆ. ಚಂದ್ರಿಗೆ ಅಲ್ಲಿ ಎರಡೂ ಕಡೆ ವಸಡು ಕಿತ್ತು ಊದಿತ್ತು. ನಾಲಿಗೆ ಮೇಲೆ ಅಡ್ಡಕ್ಕೆ ನೀಲಿ ಬರೆ. "ಬಾಯಿ ಗಟ್ಟಿ ಅಂದ್ರೇನ್ರಿ ಅವರು? ಬಾಯಿ ತುಂಬ ಹುಣ್ಣ ಐತಿ" ಅಂದರು ಡಾಕ್ಟರು.

ಇಷ್ಟಕ್ಕೇ ಮುಗಿಯಲಿಲ್ಲ. ಮೇಲಿನ ಬಲ ದವಡೆಯಲ್ಲಿ ಮೊದಲ ದವಡೆ ಹಲ್ಲಿನ ಮುಂದೆ ಕಡಲೆಕಾಳಿನಷ್ಟು ಒಂದು ಹಲ್ಲಿತ್ತು, ವುಲ್ಫ್ ಟೂತ್ ಅಂತಾರೆ. ಎಷ್ಟೋ ಕುದುರೆಗಳಿಗೆ ಇರುತ್ತೆ, ಕೆಲಸಕ್ಕೆ ಬರಲ್ಲ, ಆದರೆ ಬಿಟ್ ಅದಕ್ಕೆ ತಾಗಿದರೆ ನೋವು. ದವಡೆ ಹಲ್ಲುಗಳ ಹೊರ ಅಂಚು ಕೂಡ ಚೂಪಾಗಿ ಕೆನ್ನೆಗೆ ಚುಚ್ಚುತ್ತಿದ್ದವು. ಬಲಕ್ಕೆ ತಿರುಗಿಸಿದಾಗ ತಲೆ ಒದರುತ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ. ಹಟ ಅಲ್ಲ, ಹಲ್ಲುನೋವು. ಅದಕ್ಕೆ ನಾನು ಹುಡುಕಿದ ಔಷಧಿ ತಿರುಚಿದ ಕಬ್ಬಿಣ.

ಗೋಳಗುಮ್ಮಟದ ಹತ್ತಿರ ಟಾಂಗಾ ಹೊಡೆಯುವ ಒಬ್ಬ ಚಾಚಾ ನನಗೆ ಪರಿಚಯ. ಆ ವಾರ ಬಂದು ನೋಡಿದರು. ಮೊದಲು ಚಂದ್ರಿಯ ಕತ್ತು ತಟ್ಟಿದರು, ಆಮೇಲೆ ಕಟಬಾಯಿಯಲ್ಲಿ ಹೆಬ್ಬೆರಳು ತೂರಿಸಿ ಎರಡೂ ಕಡೆ ತಡವಿದರು. ನನ್ನ ಬಿಟ್ ನೋಡಿ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಸಾಹೇಬ್ರ, ಮೊದ್ಲ ಕುದುರಿ ಬಾಯಾಗ ಬೆರಳ ಹಾಕಬೇಕ್ರಿ, ಆಮ್ಯಾಲ ನಮ್ಮ ಕಿಸೆದಾಗ ಕೈ ಹಾಕಬೇಕು" ಅಂದರು. ಅವರ ಟಾಂಗಾ ಕುದುರೆಯ ಬಾಯಲ್ಲಿ ಇರುವುದು ನುಣ್ಣನೆ ದುಂಡು ಸರಳು, ಸವೆದು ಬೆಳ್ಳಗಾಗಿದೆ.

ಅಳತೆ ಹೇಗೆ ಅಂತಲೂ ಅವರೇ ತೋರಿಸಿಕೊಟ್ಟರು. ಸಿಪ್ಪೆ ತೆಗೆದ ನುಣ್ಣನೆ ಬೇವಿನ ಕಡ್ಡಿಯನ್ನು ಬಿಟ್ ಕೂರುವ ಜಾಗದಲ್ಲಿ ಅಡ್ಡ ಇಟ್ಟು, ಎರಡೂ ತುಟಿಯ ಅಂಚಿಗೆ ಗುರುತು ಹಾಕುವುದು. ಚಂದ್ರಿಗೆ ನಾಲ್ಕೂವರೆ ಇಂಚು ಬಂತು. ಎರಡೂ ಕಡೆ ಕಾಲು ಕಾಲು ಇಂಚು ಬಿಟ್ಟರೆ ಐದು ಇಂಚಿನ ಬಿಟ್ ಸಾಕು. ಮಾರಿದವನು ಕೊಟ್ಟಿದ್ದು ಐದೂವರೆ ಇಂಚಿನದು! ಅದು ನುಣ್ಣಗೇ ಇತ್ತು, ಆದರೆ ಬಾಯಲ್ಲಿ ಆ ಕಡೆ ಈ ಕಡೆ ಸರಿದಾಡುತ್ತಿತ್ತು, ನಡುವಿನ ಕೀಲು ಓರೆಯಾಗಿ ಅಂಗುಳಕ್ಕೆ ತಾಗುತ್ತಿತ್ತು. ಚಿಕ್ಕದಾದರೆ ಕಟಬಾಯಿ ಚಿವುಟುತ್ತೆ, ದೊಡ್ಡದಾದರೆ ಹೀಗೆ. ದಪ್ಪ ಇದ್ದರೆ ಮೆತ್ತಗೆ ಅನ್ನುವುದೂ ಪೂರ್ತಿ ನಿಜ ಅಲ್ಲ, ಸಣ್ಣ ಬಾಯಲ್ಲಿ ನಾಲಿಗೆಗೇ ಜಾಗ ಇರಲ್ಲ.

ಕಾನೂನಿನ ವಿಷಯ. ಇದು ನನಗೆ ಮೊದಲೇ ಗೊತ್ತಿದ್ದರೆ ಆ ಅಂಗಡಿಯವನ ಜೊತೆ ಜಗಳ ಆಡಿಯೇ ಬರುತ್ತಿದ್ದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿ 1965ರಲ್ಲಿ ಗಾಡಿ ಎಳೆಯುವ, ಹೇರು ಹೊರುವ ಪ್ರಾಣಿಗಳಿಗೆ ನಿಯಮ ಮಾಡಿದ್ದಾರೆ. ಅದರ 8ನೇ ನಿಯಮದ ಪ್ರಕಾರ ಮುಳ್ಳು, ಗುಬಟು, ಚೂಪು ಇರುವ ಬಿಟ್ ಬಳಸುವಂತಿಲ್ಲ. ಗಾಡಿಗೆ ಮಾತ್ರ ಅಲ್ಲ, ಸವಾರಿಗೂ. ಗಾಯ, ಊತ, ತರಚು, ಜೋರು ನೋವು ಮಾಡುವ ಯಾವ ಚೂಪು ಸಾಮಾನೂ ಅದರಲ್ಲಿ ಬರುತ್ತೆ, ಹಾಗಾಗಿ "ಮುಳ್ಳಿಲ್ಲವಲ್ಲ" ಅಂತ ನನ್ನ ಹಾಗೆ ವಾದ ಮಾಡಿ ಪ್ರಯೋಜನ ಇಲ್ಲ. ಆ ನಿಯಮ ಹಿಡಿಯುವುದು ಬಳಸಿದವರನ್ನು. ಅಂದರೆ ನನ್ನನ್ನು.

ಸ್ಪರ್ಧೆಗೆ ಕಳಿಸುವ ಆಸೆ ಇರುವವರಿಗೆ ಇನ್ನೊಂದು. ಮುಂದಿನ ವರ್ಷ ಬೆಂಗಳೂರಿನಲ್ಲಿ ಡ್ರೆಸಾಜ್ (ಸವಾರನ ಸನ್ನೆಗೆ ತಕ್ಕಂತೆ ಕುದುರೆ ನಡೆಸಿ ತೋರಿಸುವ ಸ್ಪರ್ಧೆ) ಮಾಡಿಸೋಣ ಅಂತ ಕಲಿಸುವವರೇ ಆಸೆ ತೋರಿಸಿದ್ದರು. ಕುದುರೆ ಸವಾರಿಯ ಅಂತಾರಾಷ್ಟ್ರೀಯ ಒಕ್ಕೂಟ ಎಫ್‌ಇಐ ನಿಯಮದಲ್ಲಿ ಮಕ್ಕಳ ಡ್ರೆಸಾಜ್‌ಗೂ ಪೋನಿ (ಸಣ್ಣ ಆಳಿನ ಕುದುರೆ) ಡ್ರೆಸಾಜ್‌ಗೂ ಸ್ನಾಫಲ್ ಮಾತ್ರ. ಗದ್ದದ ಸರಪಳಿ ಇರುವ ಪೆಲ್ಹಮ್, ಕಿಂಬಲ್‌ವಿಕ್, ಎಳೆದರೆ ಮೇಲೆ ಸರಿಯುವ ಗ್ಯಾಗ್, ಇಂಥ ಬಿಟ್ ಯಾವುದೂ ನಡೆಯಲ್ಲ. ಸರಳು ನುಣ್ಣಗಿರಬೇಕು, ಪೋನಿಗೆ ಕನಿಷ್ಠ 10 ಮಿಲಿಮೀಟರ್ ದಪ್ಪ. ಸ್ಟೀವರ್ಡ್ ಅನ್ನುವ ಮೇಲ್ವಿಚಾರಕರು ಬಿಟ್ ಪರೀಕ್ಷೆ ಮಾಡುತ್ತಾರೆ, ಒಪ್ಪದ ಬಿಟ್ ಇದ್ದರೂ ಬಾಯಲ್ಲಿ ರಕ್ತ ಕಂಡರೂ ಹೊರಗೆ. ಜಂಪಿಂಗ್‌ಗೆ ನಿಯಮ ಬೇರೆ. ನೀವು ಹೋಗುವ ಸ್ಪರ್ಧೆಯವರ ಹತ್ತಿರವೇ ಆ ವರ್ಷದ ಪಟ್ಟಿ ಕೇಳಿ ತಗೊಳ್ಳಿ, ಅಂಗಡಿಯವನ ಮಾತಾಗಲಿ ನನ್ನ ಬರಹವಾಗಲಿ ನಂಬಿ ದುಡ್ಡು ಕೊಡಬೇಡಿ.

ಈಗ ಚಂದ್ರಿ ಪರವಾಗಿಲ್ಲ. ಡಾಕ್ಟರು ಆ ಸಣ್ಣ ಹಲ್ಲು ತೆಗೆದರು, ದವಡೆ ಹಲ್ಲಿನ ಅಂಚಿಗೆ ಅರ ಹಾಕಿ ನುಣ್ಣಗೆ ಮಾಡಿದರು. ಮೂರು ವಾರ ಬಾಯಿಗೆ ಏನೂ ಇಲ್ಲ, ಬರೀ ಮುಖದ ಹಗ್ಗ ಹಿಡಿದು ತಿರುಗಾಡಿಸಿದೆವು. ಆಮೇಲೆ ಐದು ಇಂಚಿನ ಸ್ನಾಫಲ್ ತರಿಸಿದೆ. ಎರಡು ಕೀಲು, ನಡುವೆ ಅವರೆಕಾಳಿನ ಹಾಗೆ ಒಂದು ತುಂಡು, ಅಂಗುಳಕ್ಕೆ ತಾಗಲ್ಲ. ಮಗಳೂ ಹೊಸದಾಗಿ ಶುರು ಮಾಡಿದ್ದಾಳೆ. ಕುದುರೆಯನ್ನು ಉದ್ದ ಹಗ್ಗದಲ್ಲಿ ಬೇರೆಯವರು ತಿರುಗಿಸುತ್ತಾರೆ, ಅವಳ ಕೈಯಲ್ಲಿ ಪಟ್ಟಿ ಕೊಡುವುದಿಲ್ಲ, ಕುದುರೆ ಕತ್ತಿಗೆ ಹಳೆಯ ತೊಗಲಿನ ಪಟ್ಟಿ ಕಟ್ಟಿದ್ದೇವೆ, ಆಯ ತಪ್ಪಿದರೆ ಅದನ್ನು ಹಿಡಿಯುವುದು. ಲಾಯದ ಕಡೆ ಓಡುವ ಚಟ ಚಂದ್ರಿಗೆ ಇನ್ನೂ ಇದೆ. ಅದಕ್ಕೆ ಬಿಟ್ ಬದಲಿಸಬೇಕಿಲ್ಲ, ದಿನಾ ಸುತ್ತು ಹಾಕಿಸಿ ಕಲಿಸಬೇಕು.

ಪ್ಲಾಸ್ಟರ್ ಬಿಚ್ಚಿದ ದಿನ ಆ ಉದ್ದ ಕಡ್ಡಿಯ ಬಿಟ್ಟನ್ನು ನನ್ನ ಮುಂಗೈ ಮೇಲೆ ಇಟ್ಟುಕೊಂಡು, ಸರಪಳಿ ಕೆಳಗೆ ಸಿಕ್ಕಿಸಿ, ಎಳಿ ಅಂದೆ. ಮಗಳು ಬಲಗೈಯಲ್ಲಿ ಎಳೆದಳು. ನಾನು ಕೂಗಿಬಿಟ್ಟೆ. "ಪಪ್ಪಾ, ನಾನು ಮೆತ್ತಗೇ ಎಳದೀನಿ" ಅಂದಳು. ಕೆಂಪು ಗೆರೆಗಳು ಸಂಜೆವರೆಗೂ ಹೋಗಲಿಲ್ಲ.

ಅಂಗಡಿಗೆ ವಾಪಸ್ ಕೊಡಲು ಹೋಗಿದ್ದೆ. ಆದದ್ದೆಲ್ಲ ಹೇಳಿದೆ. ಅವನು ಪಾಪ ಅಂದ, 400 ರೂಪಾಯಿ ಎಣಿಸಿ ಕೊಟ್ಟ, ಬಿಟ್ಟನ್ನು ಬಟ್ಟೆಯಿಂದ ಒರೆಸಿ ಮತ್ತೆ ಅದೇ ಮೊಳೆಗೆ ನೇತುಹಾಕಿದ. ಬೈಕ್ ಹತ್ತಿ ಒಂದು ಫರ್ಲಾಂಗ್ ಹೋಗಿದ್ದೆ, ತಡೆಯಲಾಗಲಿಲ್ಲ. ತಿರುಗಿ ಹೋಗಿ 850 ಕೊಟ್ಟು ಅದನ್ನೇ ಮತ್ತೆ ತಗೊಂಡು ಬಂದೆ. ಈಗ ನಮ್ಮ ಮನೆ ಅಟ್ಟದ ಮೇಲಿದೆ. ವಿಜಯಪುರದಲ್ಲಿ ಯಾರಿಗಾದರೂ ಖಡಕ್ ಲಗಾಮು ಬೇಕು ಅನ್ನಿಸಿದರೆ ಹೇಳಿ, ತೆಗೆದುಕೊಡುತ್ತೇನೆ. ಅಂಗಿಯ ತೋಳು ಮಡಚಿಕೊಂಡು ಬನ್ನಿ.