ಹದಿನಾಲ್ಕು ಸಾವಿರದ ಕುರ್ಚಿ, ಒಂಬೈನೂರರ ಸ್ಟ್ಯಾಂಡ್

ಪುಣೆಯ ಕೊಥರೂಡಿನ ನಮ್ಮ ಅಡುಗೆಮನೆಯಲ್ಲಿ ಕಾಲನಿರ್ಣಯ ಕ್ಯಾಲೆಂಡರ್ ಇದೆ. ಹೋದ ವರ್ಷ ಅದರಲ್ಲಿ ಹಾಲಿನ ಲೆಕ್ಕದ ಪಕ್ಕ ಇನ್ನೊಂದು ಲೆಕ್ಕ ಶುರುವಾಯಿತು. ಮಲಗುವ ಹೊತ್ತಿಗೆ ಕುತ್ತಿಗೆ ನೋವು ಹತ್ತಕ್ಕೆ ಎಷ್ಟು? ಮೊದಲ ವಾರ ಬರೀ ಆರು, ಏಳು. ವಾರಕ್ಕೆ ಎರಡು ದಿನ ಹಿಂಜವಡಿ ಆಫೀಸು, ಉಳಿದ ಮೂರು ದಿನ ಊಟದ ಟೇಬಲ್ಲೇ ಆಫೀಸು. ಒಂದೊಂದು ಉಪಾಯಕ್ಕೂ ಮೂರು ವಾರ ಕೊಟ್ಟೆ. ಎಲ್ಲ ಒಟ್ಟಿಗೆ ಮಾಡಿದರೆ ಯಾವುದು ಫಲ ಕೊಟ್ಟಿತು ಅಂತ ತಿಳಿಯುವುದಿಲ್ಲ, ಅಲ್ವಾ?

ಮೊದಲು ಕುರ್ಚಿ. ಹದಿನಾಲ್ಕು ಸಾವಿರ. ಸೊಂಟಕ್ಕೆ ನಿಜವಾಗಿ ಹಾಯೆನಿಸಿತು. ಕುತ್ತಿಗೆ ಮಾತ್ರ ಆರರಿಂದ ಐದೂವರೆಗೆ ಇಳಿದು ಅಲ್ಲೇ ನಿಂತಿತು. ಕಾರಣ ಸರಳ. ಬೆನ್ನು ಎಷ್ಟೇ ನೆಟ್ಟಗಿರಲಿ, ಸ್ಕ್ರೀನ್ ಟೇಬಲ್ ಮೇಲೆ ಬಿದ್ದಿದ್ದರೆ ಕಣ್ಣು ಕೆಳಗೆ ಹೋಗುತ್ತದೆ, ಹಿಂದೆಯೇ ತಲೆ ಬಗ್ಗುತ್ತದೆ. ನಮ್ಮ ತಲೆಯ ತೂಕವೇ ಹತ್ತಿರಹತ್ತಿರ ಐದು ಕೆ.ಜಿ. ಅದು 60 ಡಿಗ್ರಿ ಬಗ್ಗಿದರೆ ಕುತ್ತಿಗೆಯ ಮೇಲೆ ಸುಮಾರು 27 ಕೆ.ಜಿ. ಭಾರ ಅಂತ ಅಮೆರಿಕದ ಬೆನ್ನುಮೂಳೆ ಸರ್ಜನ್ ಒಬ್ಬರು 2014ರಲ್ಲಿ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿದ್ದರು. 25 ಕೆ.ಜಿ.ಯ ಒಂದು ಅಕ್ಕಿ ಚೀಲಕ್ಕಿಂತ ಜಾಸ್ತಿ! ಲ್ಯಾಪ್‌ಟಾಪಿಗೆ ನಾವು ಅಷ್ಟು ಬಗ್ಗುವುದಿಲ್ಲ. ಹಿಂಜವಡಿ ಟ್ರಾಫಿಕ್ಕಿನಲ್ಲಿ ಬಸ್ಸಿನೊಳಗೆ ಕೂತು ಫೋನ್ ನೋಡುವಾಗ ಬಗ್ಗುತ್ತೇವೆ.

ಆಮೇಲೆ ಲ್ಯಾಪ್‌ಟಾಪ್ ಎತ್ತರಿಸುವ ಸ್ಟ್ಯಾಂಡ್, ಒಂಬೈನೂರು. ಇದರಲ್ಲಿ ನಾನು ಮೂರು ತಪ್ಪು ಮಾಡಿದೆ. ಮೊದಲನೆಯದು, ಬೇರೆ ಕೀಬೋರ್ಡ್ ತರದೆ ಎತ್ತರಿಸಿದ ಲ್ಯಾಪ್‌ಟಾಪಿನಲ್ಲೇ ಟೈಪ್ ಮಾಡಿದ್ದು. ಭುಜ ಕಿವಿಯ ತನಕ ಏರಿ, ನಾಲ್ಕನೇ ದಿನ ಲೆಕ್ಕ ಎಂಟಕ್ಕೆ ಮುಟ್ಟಿತು. ಎರಡನೆಯದು, ಉದ್ದ ಕೀಬೋರ್ಡ್ ತಂದದ್ದು. ಬಲಗಡೆ ಅಂಕಿಗಳ ಗುಂಪು ಇರುತ್ತದಲ್ಲ, ಅದು ಮೌಸನ್ನು ದೂರ ತಳ್ಳುತ್ತದೆ. ದಿನವಿಡೀ ಕೈ ಚಾಚಿ ಬಲ ಭುಜ ಹಿಡಿದುಕೊಂಡಿತು. ಅದನ್ನು ಕೊಟ್ಟು ಚಿಕ್ಕದು ತಂದೆ. ಮೌಸ್ ಸೇರಿ ಸಾವಿರದ ಮುನ್ನೂರು ಹೋಯಿತು.

ಮೂರನೆಯದು ನಲವತ್ತು ದಾಟಿದವರು ಕೇಳಬೇಕಾದ್ದು. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕಿರಬೇಕು ಅನ್ನುತ್ತಾರೆ. ಹಾಗೇ ಇಟ್ಟೆ. ಆದರೆ ನನ್ನದು ಪ್ರೋಗ್ರೆಸಿವ್ ಕನ್ನಡಕ, ಹತ್ತಿರದ್ದನ್ನು ಓದುವ ಭಾಗ ಗಾಜಿನ ಕೆಳಗಡೆ ಇರುತ್ತದೆ. ಓದಲು ಗಲ್ಲ ಎತ್ತಿ ಎತ್ತಿ, ತಲೆಬುರುಡೆಯ ಬುಡದಲ್ಲಿ ಹೊಸ ನೋವು ಬಂತು. ಎರಡು ಇಂಚು ಇಳಿಸಿದೆ. ಆ ಮೂರು ವಾರದ ಕೊನೆಗೆ ಲೆಕ್ಕ ಮೂರು.

ಈಗ ಕುರ್ಚಿಗೂ ಸ್ವಲ್ಪ ಮಾನ ಬಂತು. ನಾನು ಐದು ಅಡಿ ಒಂದು ಇಂಚು. ನಮ್ಮ ಟೇಬಲ್ ನನಗೆ ಎತ್ತರ, ಮೊಣಕೈ ಕೀಬೋರ್ಡಿನ ಮಟ್ಟಕ್ಕೆ ಬರಬೇಕಾದರೆ ಕುರ್ಚಿ ಏರಿಸಲೇಬೇಕು. ಏರಿಸಿದರೆ ಕಾಲು ತೂಗಾಡುತ್ತದೆ. ಕೆಳಗೊಂದು ಮಣೆ ಇಟ್ಟೆ. ಧಾರವಾಡದಿಂದ ಬಂದಿದ್ದ ಅವ್ವ ನೋಡಿ, “ಊಟಕ್ಕ ಕೂಡೂ ಮಣಿ ಮ್ಯಾಲ ಕಾಲಿಡ್ತಾರೇನ ಯವ್ವಾ?” ಅಂದಳು. ಮಣೆ ಹೋಗಿ ರಟ್ಟಿನ ಪೆಟ್ಟಿಗೆ ಬಂತು.

ಭುಜ ಹಿಂದಕ್ಕೆಳೆಯುವ ಬೆಲ್ಟಿನ ಕಥೆ ಚಿಕ್ಕದು. ಮೇ ತಿಂಗಳ ಸೆಕೆ, ಕಂಕುಳಲ್ಲಿ ಉರಿ, ಬಿಚ್ಚಿದ ತಕ್ಷಣ ಮತ್ತೆ ಗೂನು. ಎಂಟೇ ದಿನ. ಈಗ ಬಾಲ್ಕನಿಯ ದಾಸವಾಳಕ್ಕೆ ಆಸರೆಯಾಗಿದೆ.

ಯೋಗದ ವಿಷಯಕ್ಕೆ ಈ ಊರಲ್ಲಿ ನಮಗೆ ಸ್ವಲ್ಪ ಜಂಬವೂ ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಬಂದು, 1975ರಲ್ಲಿ ಇಲ್ಲೇ ತಮ್ಮ ಸಂಸ್ಥೆ ತೆರೆದರು. ಅವರ ಪದ್ಧತಿಯಲ್ಲಿ ಕಲಿಸುವ ಮನೆ ಹತ್ತಿರದ ಟೀಚರ್ ಬಳಿ ಹೋದೆ. ಗೋಡೆಯ ಹಗ್ಗ ಹಿಡಿದು ಎದೆ ತೆರೆದು ನಿಂತ ದಿನ ಲೆಕ್ಕ ಎರಡು. ಮೂರನೇ ದಿನಕ್ಕೆ ಮತ್ತೆ ನಾಲ್ಕು. ಕ್ಲಾಸ್ ತಪ್ಪಿದ ವಾರ ಐದು. ಒಳ್ಳೆಯದೇ, ಆದರೆ ಬಿಡದೆ ಮಾಡುವವರಿಗೆ.

ಅದಕ್ಕೆ ಎದುರಾಗಿ ತಂಬಿಗೆ. ದೊಡ್ಡ ಬಾಟಲಿ ತೆಗೆದಿಟ್ಟು, ಚಿಕ್ಕ ತಂಬಿಗೆಯಲ್ಲಿ ನೀರು ಇಟ್ಟುಕೊಂಡೆ. ಮುಕ್ಕಾಲು ಗಂಟೆಗೊಮ್ಮೆ ಖಾಲಿ, ಏಳಲೇಬೇಕು. ಫೋನಿನ ಅಲಾರಂ ಆದರೆ ಮೀಟಿಂಗ್ ನಡುವೆ ಸುಮ್ನೆ ಒತ್ತಿ ಆರಿಸುತ್ತಿದ್ದೆ, ಬಾಯಾರಿಕೆಯನ್ನು ಹಾಗೆ ಆರಿಸಲು ಆಗುವುದಿಲ್ಲ. ನೀರು ತುಂಬುವಾಗ ಗೋಡೆಗೆ ಬೆನ್ನು ಕೊಟ್ಟು ಗಲ್ಲವನ್ನು ನೇರ ಹಿಂದಕ್ಕೆ ಎಳೆಯುತ್ತೇನೆ. ಐದೈದು ಸೆಕೆಂಡು, ಹತ್ತು ಸಲ. ಸ್ಟ್ಯಾಂಡ್ ಜೊತೆ ಇದು ಸೇರಿದ ಮೇಲೆ ಲೆಕ್ಕ ಒಂದೂವರೆ, ಎರಡು.

ಆಫೀಸಿನ ಗೆಳತಿಗೆ ನೋವಿನ ಜೊತೆ ಬೆರಳು ಜೋಮು ಹಿಡಿಯುತ್ತಿತ್ತು. ಅವಳಿಗೆ ಇದ್ಯಾವುದನ್ನೂ ಹೇಳಲಿಲ್ಲ, ನೇರ ಮೂಳೆ ಡಾಕ್ಟರ ಹತ್ತಿರ ಕಳಿಸಿದೆ. ಉಳಿದವರು “ಯಾವ ಕುರ್ಚಿ ತಗೊಳ್ಳಲಿ?” ಅಂತಲೇ ಕೇಳುತ್ತಾರೆ. ಮನೆಯ ದಪ್ಪ ಪುಸ್ತಕಗಳನ್ನೆಲ್ಲ ಲ್ಯಾಪ್‌ಟಾಪಿನ ಕೆಳಗೆ ಪೇರಿಸಿ, ಒಂದು ಕೀಬೋರ್ಡ್ ಸಾಲ ತಂದು ಎರಡು ದಿನ ಕೂತು ನೋಡಿ ಅನ್ನುತ್ತೇನೆ. ಕುರ್ಚಿಯ ಮಾತು ಆಮೇಲೆ.