ಕೊನೆಯ ‘ಎ’ ಇಲ್ಲದ ಯೂನಿವರ್ಸಿಟಿ: ಇಪ್ಪತ್ತು ವರ್ಷ ದಾಟಿದ ಬಳಕೆಯ ಅನುಭವ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ನಾನು ಬಳಸಲು ಶುರು ಮಾಡಿದ್ದು 2002ರಲ್ಲಿ. ರೋಣದ ಕಡೆಯ ಹುಡುಗ, ಎಂ.ಎ. ಅರ್ಥಶಾಸ್ತ್ರ. ಎರಡು ವರ್ಷಕ್ಕೆ ಕೋರ್ಸ್ ಮುಗಿಯಿತು, ಬಳಕೆ ಇನ್ನೂ ನಡೆದಿದೆ. ಈಗ ಮನೆ ಕಲ್ಯಾಣ ನಗರದಲ್ಲಿ, ಬೆಳಗಿನ ವಾಕಿಂಗ್ ಕ್ಯಾಂಪಸ್ಸಿನಲ್ಲಿ. ಮೊದಲೇ ಹೇಳಿಬಿಡುತ್ತೇನೆ: ವಿದ್ಯಾರ್ಥಿಯಾಗಿದ್ದಾಗ ನಾನು ಇಲ್ಲಿಂದ ತಗೊಂಡದ್ದು ಕಡಿಮೆ. ಆಮೇಲೆ ತಗೊಂಡದ್ದೇ ಜಾಸ್ತಿ. ತಪ್ಪು ನನ್ನದೇ.

ಹೆಸರಿನ ವಿಷಯ ಮೊದಲು. ಇಂಗ್ಲಿಷಿನಲ್ಲಿ ಬರೆದರೆ ನಮ್ಮ ರಾಜ್ಯದ ಹೆಸರಿನ ಕೊನೆಗೆ ‘ಎ’ ಇದೆ, ಯೂನಿವರ್ಸಿಟಿ ಹೆಸರಿನ ಕೊನೆಗೆ ಇಲ್ಲ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಪುಣೆಯ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ ಸಿಕ್ಕಿದಾಗ ಅವರು ನನ್ನ ಪದವಿ ಸರ್ಟಿಫಿಕೇಟ್ ನೋಡಿ, ‘ನಿಮ್ಮ ವಿಶ್ವವಿದ್ಯಾಲಯದ ಹೆಸರೇ ತಪ್ಪು ಮುದ್ರಣವಾಗಿದೆ, ಸರಿಯಾದದ್ದು ಕಳಿಸಿ’ ಎಂದು ಮೇಲ್ ಹಾಕಿದರು. ಹನ್ನೊಂದು ದಿನ ನೇಮಕ ನಿಂತುಬಿಟ್ಟಿತು. ನಕಲಿ ಸರ್ಟಿಫಿಕೇಟ್ ಅಂದುಕೊಂಡಿದ್ದರೋ ಏನೋ. ಅವರಿಗೆ ಉತ್ತರ ಬರೆಯಲು ಕುಳಿತಾಗಲೇ ನಾನು ಇದರ ಇತಿಹಾಸ ತೆಗೆದು ನೋಡಿದ್ದು.

ಧಾರವಾಡ ಆಗ ಮುಂಬೈ ಪ್ರಾಂತದಲ್ಲಿತ್ತು. ಕರ್ನಾಟಕ ಕಾಲೇಜು 1917ರಲ್ಲೇ ಶುರುವಾಗಿದ್ದರೂ ಪದವಿ ಕೊಡುತ್ತಿದ್ದದ್ದು ಮುಂಬೈ ವಿಶ್ವವಿದ್ಯಾಲಯ. 1949ರಲ್ಲಿ ಮುಂಬೈ ಸರ್ಕಾರ ಕಾಯ್ದೆ ಮಾಡಿ ನಮ್ಮ ಭಾಗಕ್ಕೆ ಬೇರೆ ವಿಶ್ವವಿದ್ಯಾಲಯ ಕೊಟ್ಟಿತು. ಕಚೇರಿ ಮೊದಲು ತೆರೆದದ್ದೂ ಮುಂಬೈಯಲ್ಲೇ, ಮರುವರ್ಷ ಧಾರವಾಡಕ್ಕೆ ಬಂತು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಅಂದರೆ ರಾಜ್ಯಕ್ಕಿಂತ 24 ವರ್ಷ ಮೊದಲೇ ಈ ಹೆಸರು ಇಟ್ಟುಕೊಂಡು ಕುಳಿತಿತ್ತು ನಮ್ಮ ಯೂನಿವರ್ಸಿಟಿ. ಹಳೆಯ ಸ್ಪೆಲ್ಲಿಂಗ್ ಹಾಗೇ ಉಳಿಯಿತು. ಇಷ್ಟನ್ನೂ ಬರೆದು ಕಳಿಸಿದೆ. ಕಂಪನಿಯಿಂದ ‘ಓಕೆ’ ಎಂದು ಒಂದೇ ಪದ ಬಂತು.

ನೀವು ಬಂದರೆ ಮೊದಲು ಕಣ್ಣಿಗೆ ಬೀಳುವುದು ಗುಡ್ಡ. ಛೋಟಾ ಮಹಾಬಳೇಶ್ವರ ಅಂತ ಅದರ ಹೆಸರು. ಕ್ಯಾಂಪಸ್ಸಿನ ವಿಳಾಸ ಪಾವಟೆ ನಗರ. 1954ರಿಂದ 1967ರ ತನಕ, 13 ವರ್ಷ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರ ಹೆಸರು ಅದು. ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಆನರ್ಸ್ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದು ರ‍್ಯಾಂಗ್ಲರ್ ಆಗಿ ಬಂದವರು, ಇಲ್ಲಿಂದ ಹೋದ ಮೇಲೆ ಪಂಜಾಬಿನ ರಾಜ್ಯಪಾಲರಾದರು. ನಾನು ಓದುವಾಗ ‘ಪಾವಟೆ’ ಅಂದರೆ ನನಗೆ ಪಿನ್‌ಕೋಡಿನ ಹಿಂದಿನ ಪದ, ಅಷ್ಟೇ.

ನನಗೆ ಆಗ ಗೊತ್ತಿದ್ದದ್ದು ರೂಮು, ಖಾನಾವಳಿ ಮತ್ತು ಬುತ್ತಿ. ಶನಿವಾರ ಶನಿವಾರ ಅವ್ವ ಊರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬುತ್ತಿ ಕಳಿಸುತ್ತಿದ್ದಳು. ಹಳೇ ಧೋತರದ ತುಂಡಿನ ಗಂಟು, ಮೇಲೆ ಹೆಸರಿನ ಚೀಟಿಯನ್ನು ಸೂಜಿ ದಾರದಿಂದ ಹೊಲಿದಿರುತ್ತಿದ್ದಳು. ಒಳಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ. ಬಸ್ ಸ್ಟ್ಯಾಂಡಿನಲ್ಲಿ ಬುತ್ತಿಗೆ ಕಾಯುವ ಹುಡುಗರದ್ದೇ ಒಂದು ಗುಂಪು. ರೂಮಿನಲ್ಲಿ ನಾಲ್ಕು ಜನ: ಅಥಣಿಯವನು, ಇಂಡಿಯವನು, ಶಿರಸಿಯವನು, ನಾನು. ಶಿರಸಿಯವನ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಎರಡು ದಿನದಲ್ಲಿ ಖಾಲಿ. ಅವನು ಪಾಪ, ಅನ್ನ ಇಲ್ಲದ ಊಟಕ್ಕೆ ಒಂದು ವರ್ಷ ಒದ್ದಾಡಿದ.

ಈಗ ಆ ರೂಮು ಕೂಡಿಸಲು ಆಗುವುದಿಲ್ಲ. ಒಂದು ಕಾಲಕ್ಕೆ ಬೀದರ್, ರಾಯಚೂರು ತನಕ ಇದೇ ಯೂನಿವರ್ಸಿಟಿ. 1980ರಲ್ಲಿ ಗುಲ್ಬರ್ಗಾ ಬೇರೆಯಾಯಿತು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದು ಬೆಳಗಾವಿ, ವಿಜಯಪುರ, ಬಾಗಲಕೋಟೆ ಹೋದವು. ಆಮೇಲೆ ಹಾವೇರಿಗೂ ಬೇರೆಯದು ಮಾಡಿದರು. ಹತ್ತಿರದಲ್ಲೇ ಕಾಲೇಜು ಕೆಲಸ ಆಗುವುದು ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ ಅಥಣಿಯ ಹುಡುಗನಿಗೆ ಅಪ್ಪೆಮಿಡಿ ರುಚಿ ತೋರಿಸುವವರು ಯಾರು ಈಗ?

ಇನ್ನು ನಾನು ದಿನಾ ದಾಟಿ ಹೋಗುತ್ತಿದ್ದ ಕಟ್ಟಡದ ವಿಷಯ. ಕನ್ನಡ ಸಂಶೋಧನಾ ಸಂಸ್ಥೆ. ಶುರುವಾದದ್ದು 1939ರಲ್ಲಿ, ಯೂನಿವರ್ಸಿಟಿಗಿಂತ ಹತ್ತು ವರ್ಷ ಹಿರಿಯದು. ಅಲ್ಲಿ ಒಂದು ಮ್ಯೂಸಿಯಂ ಇದೆ. ಎರಡು ವರ್ಷದಲ್ಲಿ ಒಂದು ಸಲವೂ ಒಳಗೆ ಕಾಲಿಡಲಿಲ್ಲ, ‘ನಮ್ಮದು ಎಕನಾಮಿಕ್ಸ್’ ಅಂತ. ಹೋದದ್ದು ಮಗಳು ಆರನೇ ಕ್ಲಾಸಿನಲ್ಲಿದ್ದಾಗ. ಒಂದು ವೀರಗಲ್ಲಿನ ಮುಂದೆ ನಿಂತುಬಿಟ್ಟಳು. ಕೆಳಗಿನ ಸಾಲಿನಲ್ಲಿ ಕಾಳಗ. ನಡುವೆ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನ ಸಾಲಿನಲ್ಲಿ ಅವನು ಲಿಂಗದ ಮುಂದೆ ಕುಳಿತಿದ್ದಾನೆ.

‘ಅಪ್ಪಾ, ಇದನ್ನ ಕೆಳಗಿಂದ ಮ್ಯಾಲೆ ಓದೂದೇನು?’

‘ಹೌದವಾ.’

‘ಕಾಮಿಕ್ಸ್ ಇದ್ದಂಗ ಐತಿ.’

ನಮ್ಮೂರ ಹನುಮಪ್ಪನ ಗುಡಿ ಹಿಂದೆ ಇಂಥದೇ ಕಲ್ಲಿದೆ. ಸಣ್ಣವನಿದ್ದಾಗ ಅದರ ಮೇಲೆ ಕುಳಿತು ಶೇಂಗಾ ತಿಂದಿದ್ದೇನೆ. ಅದನ್ನು ಓದಬಹುದು ಅಂತ ಗೊತ್ತಾದದ್ದು ಆ ದಿನ.

ಶಾಸನ ಓದುವುದನ್ನೇ ಬದುಕು ಮಾಡಿಕೊಂಡಿದ್ದ ಎಂ.ಎಂ. ಕಲಬುರ್ಗಿಯವರು ಇಲ್ಲೇ ಕನ್ನಡ ಪ್ರಾಧ್ಯಾಪಕರಾಗಿದ್ದವರು, ಮನೆ ನಮ್ಮ ಬಡಾವಣೆಯಲ್ಲೇ. 2015ರ ಆಗಸ್ಟ್ 30ರ ಭಾನುವಾರ ಬೆಳಿಗ್ಗೆ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು. ನಾನು ಅವರ ಬರಹ ಕೈಗೆತ್ತಿಕೊಂಡದ್ದು ಅದಾದ ಮೇಲೆ. ಇದಕ್ಕೆ ನನಗೆ ಇವತ್ತಿಗೂ ನಾಚಿಕೆ ಇದೆ.

ತಡವಾಗಿ ಸಿಕ್ಕ ಮತ್ತೊಂದು ವಸ್ತು: ಯೂನಿವರ್ಸಿಟಿಯ ಪ್ರಕಟಣೆ ವಿಭಾಗವಾದ ಪ್ರಸಾರಾಂಗದ ಪುಟ್ಟ ಪುಸ್ತಕಗಳು. ಉಪನ್ಯಾಸ ಗ್ರಂಥಮಾಲೆ ಅಂತ. ಪ್ರಾಧ್ಯಾಪಕರು ಊರೂರಿಗೆ ಹೋಗಿ ಮಾಡಿದ ಭಾಷಣಗಳನ್ನು ಅಂಗಿ ಜೇಬಿನಲ್ಲಿ ಹಿಡಿಯುವಂತೆ ಅಚ್ಚು ಹಾಕುತ್ತಿದ್ದರು. ಅಜ್ಜ ತೀರಿಕೊಂಡಾಗ ಅವರ ಟ್ರಂಕಿನಲ್ಲಿ ಇಂಥವು ಮೂರು ಇದ್ದವು. ಪಿನ್ನು ತುಕ್ಕು ಹಿಡಿದು ಹಾಳೆಗೆ ಕೆಂಪು ಕಲೆ. ನಾಲ್ಕನೇ ಇಯತ್ತೆ ಕಲಿತ ಅಜ್ಜ ಪೆನ್ಸಿಲಿನಿಂದ ಗೆರೆ ಎಳೆದುಕೊಂಡು ಓದಿದ್ದರು. ನಮ್ಮ ಮನೆಯಿಂದ ಯೂನಿವರ್ಸಿಟಿ ಮೆಟ್ಟಿಲು ಹತ್ತಿದ ಮೊದಲಿಗ ನಾನೇ ಅಂದುಕೊಂಡಿದ್ದೆ. ಯೂನಿವರ್ಸಿಟಿಯೇ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದು ಎಷ್ಟೋ ವರ್ಷವಾಗಿತ್ತು.

ಸ್ಟಾರ್ ಕೊಡಲೇಬೇಕು ಅಂದರೆ ಐದಕ್ಕೆ ನಾಲ್ಕೂವರೆ. ಅರ್ಧ ಕಡಿದದ್ದು ಗುಡ್ಡದ ಏರಿಗೆ, ಈಗ ಮಂಡಿ ಮಾತು ಕೇಳುವುದಿಲ್ಲ.

ಹೊಸದಾಗಿ ಬರುವವರಿಗೆ: ಹುಬ್ಬಳ್ಳಿಯಿಂದಾದರೆ ಹುಬ್ಬಳ್ಳಿ-ಧಾರವಾಡ ನಡುವಿನ ತ್ವರಿತ ಬಸ್ಸು ‘ಚಿಗರಿ’ಯಲ್ಲಿ ಜುಬಿಲಿ ಸರ್ಕಲ್ ತನಕ ಬಂದು ಅಲ್ಲಿಂದ ಸಿಟಿ ಬಸ್ ಅಥವಾ ಆಟೋ ಹಿಡಿಯಿರಿ. ಜೂನ್ ಆಮೇಲೆ ಕೊಡೆ ಬಿಟ್ಟು ಹೊರಡಬೇಡಿ, ಧಾರವಾಡದ ಜಿಟಿಜಿಟಿ ಮಳೆ ಹೇಳಿ ಕೇಳಿ ಬರುವುದಿಲ್ಲ. ನಿಮ್ಮ ವಿಭಾಗ ಯಾವುದೇ ಇರಲಿ, ಮೊದಲ ತಿಂಗಳಲ್ಲೇ ಆ ಮ್ಯೂಸಿಯಂಗೆ ಒಂದು ಸಲ ಹೋಗಿ. ಮತ್ತೆ ಕೆಲಸಕ್ಕೆ ಅರ್ಜಿ ತುಂಬುವಾಗ ಹೆಸರನ್ನು ಸರ್ಟಿಫಿಕೇಟಿನಲ್ಲಿ ಇದ್ದ ಹಾಗೇ ಬರೆಯಿರಿ. ಕಂಪ್ಯೂಟರ್ ತಾನಾಗಿಯೇ ಒಂದು ‘ಎ’ ಸೇರಿಸುತ್ತದೆ, ನೋಡಿಕೊಂಡು ತೆಗೆಯಿರಿ.