ತೋಟದ ಮಳೆ ಲೆಕ್ಕ ಎಲ್ಲರಿಗೂ ಸಿಗಬೇಕು: ಯಾವ ಲೈಸೆನ್ಸ್, ಎಲ್ಲಿ ಇಡೋದು?

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಮಳೆ ಲೆಕ್ಕ ಬರೆದಿಡೋದು ಹಳೆಯ ರೂಢಿ. ಬೆಳಿಗ್ಗೆ ರೇನ್ ಗೇಜ್ ನೋಡಿ ಇಷ್ಟು ಇಂಚು, ಇಷ್ಟು ಸೆಂಟು (ಇಂಚಿನ ನೂರರಲ್ಲೊಂದು ಭಾಗ) ಅಂತ ಡೈರಿಯಲ್ಲಿ ಬರೆಯುತ್ತಾರೆ. ಇಲ್ಲಿ ಗುಡ್ಡದ ಆಚೆಗೊಂದು ಮಳೆ, ಈಚೆಗೊಂದು ಮಳೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲಂತೂ ಈ ಡೈರಿಗಳು ಮನೆಯೊಳಗೇ ಉಳಿಯಬಾರದು ಅಂತ ನನಗೆ ಬಲವಾಗಿ ಅನಿಸಿತು. ಅಕ್ಕಪಕ್ಕದ ತೋಟಗಳ ಲೆಕ್ಕ ಒಟ್ಟು ಮಾಡಿ, ಅದನ್ನು ಬೇರೆಯವರು ಹೇಗೆ ಬಳಸಬಹುದು ಅಂತ ಹೇಳುವ ಲೈಸೆನ್ಸ್‌ಗಳಲ್ಲಿ ಯಾವುದು ಹೊಂದುತ್ತದೆ ಅಂತ ನೋಡಿದೆ.

ಮೊದಲಿಗೆ ಸಿಸಿ ಬೈ-ಎನ್‌ಸಿ. ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ಸಿದ್ಧ ಲೈಸೆನ್ಸ್. ಇದರಲ್ಲಿ ಹೆಸರು ಹೇಳಿ ಬಳಸಬಹುದು, ವ್ಯಾಪಾರಕ್ಕೆ ಮಾತ್ರ ಬಳಸುವಂತಿಲ್ಲ. ನಮ್ಮ ಲೆಕ್ಕದಿಂದ ಯಾರೋ ದುಡ್ಡು ಮಾಡಬಾರದು ಅನ್ನುವವರಿಗೆ ಇದು ಹಿಡಿಸುತ್ತದೆ. ಆದರೆ ಬಳಸುವವರು ಹಿಂಜರಿಯುತ್ತಾರೆ. ಜಾಹೀರಾತು ಹಾಕುವ ಊರಿನ ಪತ್ರಿಕೆ ಮಳೆಯ ನಕ್ಷೆ ಅಚ್ಚು ಹಾಕಿದರೆ ಅದು ವ್ಯಾಪಾರವಾ? ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಲೆಕ್ಕ ನೋಡಿ ಸ್ಪ್ರಿಂಕ್ಲರ್ ಹಾಕುವ ಬೆಳೆಗಾರ ಕೂಡ ಕಾಫಿ ಮಾರುತ್ತಾನೆ ಅಲ್ವಾ? ಪ್ರತಿಯೊಬ್ಬರೂ ಫೋನ್ ಮಾಡಿ ಕೇಳಬೇಕಾಗುತ್ತದೆ. ವಿಕಿಪೀಡಿಯಾದ ಚಿತ್ರ, ಫೈಲ್‌ಗಳನ್ನು ಇಡುವ ವಿಕಿಮೀಡಿಯಾ ಕಾಮನ್ಸ್ ಅಂತೂ ಇದನ್ನು ಒಪ್ಪೋದೇ ಇಲ್ಲ. ನನ್ನ ಮಟ್ಟಿಗೆ ಇದು ಬೇಡ.

ಎರಡನೆಯದು ಓಡಿಬಿಎಲ್. ಜನರೇ ಸೇರಿ ಮಾಡುವ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ 2012ರಿಂದ ಬಳಸುತ್ತಿರುವ ಈ ಲೈಸೆನ್ಸ್ ಡೇಟಾಬೇಸ್‌ಗಾಗಿಯೇ ಬರೆದದ್ದು. ನಮ್ಮ ಪಟ್ಟಿಯಿಂದ ಹೊಸ ಪಟ್ಟಿ ಮಾಡಿ ಹೊರಗೆ ಹಂಚಿದರೆ ಅದನ್ನೂ ಮುಕ್ತವಾಗಿಡಬೇಕು. ಒಳ್ಳೆಯ ಆಶಯವೇ. ಆದರೆ ಷರತ್ತುಗಳು ಉದ್ದ, ತೋಟದ ಮನೆಯ ಜಗಲಿಯಲ್ಲಿ ಕೂತು ವಿವರಿಸೋದು ಕಷ್ಟ.

ಸಿಸಿ ಝೀರೋ ಎಲ್ಲಕ್ಕಿಂತ ಸಲೀಸು. ಯಾವ ಷರತ್ತೂ ಇಲ್ಲ, ವಿಕಿಪೀಡಿಯಾ ಬಳಗದ ಮಾಹಿತಿ ಭಂಡಾರ ವಿಕಿಡೇಟಾ ತೆಗೆದುಕೊಳ್ಳೋದು ಇದನ್ನೇ. ಊರಿನ ಹೆಸರು, ಕೋಡ್‌ಗಳ ಪಟ್ಟಿಗೆ ಇದನ್ನೇ ಹಾಕಿದ್ದೇನೆ. ಮಳೆ ಲೆಕ್ಕಕ್ಕೆ ಮಾತ್ರ ಹಿರಿಯರು ಒಪ್ಪಲಿಲ್ಲ. "ಯಾರು ಬೇಕಾದ್ರೂ ತಗೊಳ್ಳಲಿ, ಆದ್ರೆ ಬರೆದಿಟ್ಟವರ ಹೆಸರು ಹೋಗಬಾರದು" ಅಂದರು ಒಬ್ಬರು. ಅವರ ಮಾತು ನ್ಯಾಯ. ಮಳೆಯಲ್ಲಿ ನೆನೆದುಕೊಂಡು ಅಳತೆ ತೆಗೆದವರು ಅವರು. ಹಾಗಾಗಿ ಸಿಸಿ ಬೈ 4.0 ಆರಿಸಿದೆ: ಹೆಸರು ಹೇಳಿ, ಏನು ಬೇಕಾದರೂ ಮಾಡಿ. ಬರೀ ಅಂಕಿಗಳಿಗೆ ಕಾಪಿರೈಟ್ ಸಿಗೋದಿಲ್ಲ, ಯೂರೋಪಿನಂತೆ ಡೇಟಾಬೇಸ್‌ಗೇ ಪ್ರತ್ಯೇಕ ಹಕ್ಕು ಕೊಡುವ ಕಾನೂನೂ ನಮ್ಮಲ್ಲಿಲ್ಲ. ಬೇಲಿ ಎತ್ತರಿಸಿ ಹೆಚ್ಚು ಲಾಭವಿಲ್ಲ. ಸರ್ಕಾರಿ ಇಲಾಖೆಗಳ ಡೇಟಾಗೆ 2017ರ ಭಾರತ ಸರ್ಕಾರದ ಮುಕ್ತ ಡೇಟಾ ಲೈಸೆನ್ಸ್ ಇದೆ. ಅದರ ದಾರಿಯೂ ಹೆಚ್ಚುಕಡಿಮೆ ಇದೇ.

ಇನ್ನು ಇಡುವ ಜಾಗ. ವಾಟ್ಸಾಪ್ ಗ್ರೂಪ್ ಆ ದಿನದ ಮಳೆಗೆ ಸಾಕು, ಹೋದ ವರ್ಷದ್ದು ಹುಡುಕೋಕೆ ಆಗಲ್ಲ. ಪಿಡಿಎಫ್ ನೋಡೋಕೆ ಚಂದ, ಅಂಕಿ ಮಾತ್ರ ಮತ್ತೆ ಕೈಯಲ್ಲೇ ಟೈಪ್ ಮಾಡಬೇಕು. ಗೂಗಲ್ ಶೀಟ್ ತುಂಬಿಸೋಕೆ ಸುಲಭ, ಅದಕ್ಕೆ ದಿನದ ಕೆಲಸ ಅಲ್ಲೇ. ವರ್ಷದ ಕೊನೆಗೆ ಸಿಎಸ್‌ವಿ (ಯಾವ ಕಂಪ್ಯೂಟರಿನಲ್ಲೂ ತೆರೆಯುವ ಸರಳ ಪಟ್ಟಿಯ ಫೈಲ್) ಮಾಡಿ ಝೆನೋಡೋದಲ್ಲಿ ಹಾಕುತ್ತೇವೆ. ಯೂರೋಪಿನ ವಿಜ್ಞಾನ ಸಂಸ್ಥೆ ಸರ್ನ್ ನಡೆಸುವ, ಸಂಶೋಧನೆಯ ಫೈಲ್ ಇಡುವ ಈ ತಾಣ ಉಚಿತ. ಪ್ರತಿ ಆವೃತ್ತಿಗೂ ಡಿಒಐ ಅನ್ನುವ ಕಾಯಂ ಗುರುತಿನ ಸಂಖ್ಯೆ ಸಿಗುತ್ತದೆ, ತಿದ್ದಿದರೂ ಹಳೆಯದು ಅಲ್ಲೇ ಇರುತ್ತದೆ.

ಫೈಲಿನ ಜೊತೆ ಒಂದು ವಿವರಣೆಯ ಪುಟ ಇರಲೇಬೇಕು. ಡೈರಿಯ 2 ಇಂಚು 35 ಸೆಂಟು ಅಂದರೆ 59.7 ಮಿಲಿಮೀಟರ್, ಎರಡಕ್ಕೂ ಬೇರೆ ಕಾಲಂ ಇಟ್ಟಿದ್ದೇವೆ. ಅದಕ್ಕಿಂತ ಮುಖ್ಯ ತಾರೀಖು. ಬೆಳಿಗ್ಗೆ ಅಳೆದ ಮಳೆಯನ್ನು ಕೆಲವರು ನಿನ್ನೆಯ ಲೆಕ್ಕಕ್ಕೆ ಬರೆಯುತ್ತಾರೆ, ಕೆಲವರು ಇವತ್ತಿನದಕ್ಕೆ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಇದನ್ನು ಬರೆಯದಿದ್ದರೆ ಗುಡ್ಡ ಕುಸಿದ ದಿನದ ಮಳೆ ಒಂದು ದಿನ ಆಚೀಚೆ ಆಗಿಬಿಡುತ್ತದೆ.

ಸಿಸಿ ಲೈಸೆನ್ಸ್ ಒಮ್ಮೆ ಕೊಟ್ಟರೆ ವಾಪಸ್ ತಗೊಳ್ಳೋಕೆ ಆಗಲ್ಲ. ಅದಕ್ಕೇ ಫೈಲ್ ಹಾಕುವ ಮೊದಲು ಪ್ರತಿ ಮನೆಗೂ ಹೋಗಿ ಇದನ್ನು ಹೇಳಿ, ಒಪ್ಪಿಗೆ ಬರೆಸಿಕೊಳ್ಳುತ್ತೇವೆ. ತಮ್ಮ ಹೆಸರು ಬೇಡ ಅಂದವರಿಗೆ ಊರಿನ ಹೆಸರು ಮಾತ್ರ, ಲೆಕ್ಕವೇ ಬೇಡ ಅಂದರೆ ಆ ತೋಟದ ಕಾಲಂ ತೆಗೆಯುತ್ತೇವೆ.